ಶಾಬಾದಿ ಕಲ್ಲು ಹಿಡಕೊಂಡು ಲಂಡನ್ ನೋಡೋ ಪ್ಲಾನು

ಲಂಡನ್‌ಗೆ ಮೂರು ದಿನದ ಮಟ್ಟಿಗೆ ಹೋಗುವವರ ಪ್ಲಾನುಗಳನ್ನು ನೀವೂ ನೋಡಿರ್ತೀರಿ. ಟವರ್ ಬ್ರಿಡ್ಜ್, ಬಿಗ್ ಬೆನ್, ಲಂಡನ್ ಐ, ಮೇಣದ ಗೊಂಬೆಗಳು, ಅರಮನೆ ಮುಂದೆ ಕಾವಲುಗಾರರ ಕವಾಯತು, ಕೊನೆಗೆ ಮನೆಯವರಿಗೆಲ್ಲ ಚಾಕೊಲೇಟು. ನಮ್ಮ ಟೀಮಿನಲ್ಲಿ ಇದಕ್ಕಂತಲೇ ಒಂದು ಎಕ್ಸೆಲ್ ಶೀಟ್ ಇದೆ. ಆನ್‌ಸೈಟ್ ಹೋಗಿ ಬಂದವರೆಲ್ಲ ಒಂದೊಂದು ಸಾಲು ಸೇರಿಸ್ತಾ ಸೇರಿಸ್ತಾ ಅದು ಈಗ ನಲವತ್ತು ದಾಟಿದೆ. ನಲವತ್ತು ಜಾಗ, ಮೂರು ದಿನ. ಇಂಜಿನಿಯರುಗಳಲ್ವಾ, ಹೇಗಾದ್ರೂ ಹೊಂದಿಸ್ತೀವಿ ಅಂತ ಹಟ :)

ಮುಂದಿನ ತಿಂಗಳು ನನ್ನ ಸರದಿ. ಕೆಲಸ ಇರೋದು ಬೇರೆ ಊರಲ್ಲಿ, ಲಂಡನ್ನಿಗೆ ಅಂತ ಸಿಗೋದು ಒಂದು ಶುಕ್ರವಾರ, ಶನಿವಾರ, ಭಾನುವಾರ ಮಾತ್ರ. ಆ ಶೀಟ್ ನೋಡ್ತಾ ಕೂತಾಗ ನನಗೆ ಅನ್ನಿಸಿದ್ದು ಇಷ್ಟು: ನಲವತ್ತು ಕಡೆ ಓಡಿ ನಲವತ್ತು ಫೋಟೋ ತೆಗೆಯೋದಕ್ಕಿಂತ ಒಂದೇ ಒಂದು ದಾರ ಹಿಡಿದು ಹೋಗಬೇಕು. ಆ ದಾರದ ಒಂದು ತುದಿ ನಮ್ಮೂರಲ್ಲಿ ಇರಬೇಕು. ಆಗ ನೋಡಿದ್ದು ತಲೇಲಿ ನಿಲ್ಲುತ್ತೆ.

ಆದರೆ ಯಾವ ದಾರ? ಊರಿಗೆ ಫೋನ್ ಮಾಡಿದಾಗ ನಮ್ಮ ಕಾಕಾ ಅದನ್ನೂ ಕೊಟ್ಟುಬಿಟ್ಟರು. ಲಂಡನ್ ಅಂದ ಕೂಡಲೇ ಅವರು ಹೇಳಿದ ಮಾತು, "ಅಲ್ಲಿ ಕಟ್ಟಡಕ್ಕ ಯಾವ ಕಲ್ಲು ಹಾಕ್ಯಾರ, ಛಲೋತ್ನಾಗ ನೋಡ್ಕೊಂಡು ಬಾ."

ನಮ್ಮೂರು ಕೊಡ್ಲಿ, ಕಲಬುರಗಿ ಜಿಲ್ಲೆ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಕಾಗಿಣಾ ನದಿಯ ಸೀಮೆ. ಮಳಖೇಡ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್. ಇಲ್ಲಿನವರು ಈ ಪ್ರಶ್ನೆ ಕೇಳೋದ್ರಲ್ಲಿ ಆಶ್ಚರ್ಯ ಇಲ್ಲ. ಇಡೀ ಸೀಮೆ ನಿಂತಿರೋದೇ ಸುಣ್ಣಕಲ್ಲಿನ ಮೇಲೆ. ಮನೆಯೊಳಗೆ ಕಾಲಿಟ್ಟರೆ ಕೆಳಗೆ ಶಾಬಾದಿ ಫರಸಿ, ಅಂಗಳದಲ್ಲಿ ಫರಸಿ, ಅಡುಗೆ ಕಟ್ಟೆ ಮೇಲೆ ಫರಸಿ, ಎಷ್ಟೋ ಹಳ್ಳಿಗಳಲ್ಲಿ ಗೋಡೆಯೂ ಅದೇ. ಬೇಸಿಗೆಯಲ್ಲಿ ಅದರ ಮೇಲೆ ನೀರು ಚಿಮುಕಿಸಿ ಮಲಗಿದವರಿಗೆ ಗೊತ್ತು ಅದರ ಬೆಲೆ. ಈ ಕಲ್ಲು ನೆಲದೊಳಗೆ ಪುಸ್ತಕದ ಹಾಳೆಗಳ ಥರ ಪದರ ಪದರವಾಗಿ ಮಲಗಿದೆ. ಉಳಿ ಇಟ್ಟು ಸರಿಯಾದ ಕಡೆ ಹೊಡೆದರೆ ಚಪ್ಪಟೆಯಾಗಿ ಏಳುತ್ತೆ. ಅದೇ ಕಲ್ಲನ್ನು ಪುಡಿ ಮಾಡಿ ಸುಟ್ಟರೆ ಸಿಮೆಂಟು. ವಾಡಿಯಲ್ಲಿ, ಸೇಡಂನಲ್ಲಿ ಚಿಮಣಿ ಎದ್ದಿರೋದು ಇದಕ್ಕೇ.

ಹುಡುಕ್ತಾ ಹೋದ ಹಾಗೆ ಗೊತ್ತಾಯ್ತು, ಲಂಡನ್ನೂ ಸುಣ್ಣಕಲ್ಲಿನ ಊರೇ. ಅಷ್ಟೇ ಅಲ್ಲ, ನಮ್ಮ ಕಲ್ಲಿನ ಕಥೆ ಮತ್ತೆ ಮತ್ತೆ ಆ ಊರಿಗೆ ಹೋಗಿ ಮುಟ್ಟುತ್ತೆ. ಹಾಗಾಗಿ ನನ್ನ ಪ್ಲಾನಿನಲ್ಲಿ ದಿನ ನಾಲ್ಕು, ಶುರು ಸೊನ್ನೆಯಿಂದ. (ನಾವು ಎಣಿಸೋದೇ ಸೊನ್ನೆಯಿಂದ, ಏನ್ಮಾಡೋದು!)

ದಿನ 0 : ಕನಗನಹಳ್ಳಿ

ಲಂಡನ್ ವಿಮಾನಕ್ಕೆ ಮುಂಚೆ ಭೀಮಾ ನದಿ ದಂಡೆ. ಇದು ತಮಾಷೆಗೆ ಹೇಳ್ತಿಲ್ಲ. ಎರಡನೇ ದಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೋಡೋದು ಅರ್ಥ ಆಗಬೇಕಾದ್ರೆ ಇದನ್ನು ಮೊದಲು ನೋಡಿರಲೇಬೇಕು.

ಸನ್ನತಿ ಅಂದರೆ ನಮ್ಮ ಕಡೆ ಎಲ್ಲರಿಗೂ ಚಂದ್ರಲಾಂಬೆ. ಎಷ್ಟೋ ಮನೆತನಗಳಿಗೆ ಮನೆದೇವರು. ಆ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಒಂದಿದೆ. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಅದನ್ನು ಸರಿಪಡಿಸೋಕೆ ಹೋದಾಗ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಅಕ್ಷರ ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಓದಿದವರು ಅದು ಅಶೋಕನ ಶಾಸನ ಅಂತ ಗುರುತಿಸಿದರು. ಯಾರೋ ಯಾವ ಕಾಲದಲ್ಲೋ ಶಾಸನದ ಕಲ್ಲಿನ ನಡುವೆ ಮೂರ್ತಿ ಕೂರಿಸೋಕೆ ರಂಧ್ರ ಕೊರೆದು ಪೀಠ ಮಾಡಿಕೊಂಡಿದ್ದರು. ಎರಡು ಸಾವಿರ ವರ್ಷಕ್ಕೂ ಹಳೆಯ ರಾಜಾಜ್ಞೆಯ ಮೇಲೆ ದಿನಾ ಅಭಿಷೇಕದ ನೀರು ಬೀಳ್ತಿತ್ತು.

ಅಲ್ಲಿಂದ ಸ್ವಲ್ಪವೇ ದೂರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರ ತನಕ ಅಗೆಯಿತು. ದಿಬ್ಬದೊಳಗೆ ಇದ್ದದ್ದು ಒಂದು ಮಹಾಸ್ತೂಪ. ಶಾಸನಗಳಲ್ಲೇ ಅದಕ್ಕೆ 'ಅಧೋಲೋಕ ಮಹಾಚೈತ್ಯ' ಅಂತ ಹೆಸರಿದೆ. ಸುತ್ತಲೂ ಹಚ್ಚಿದ್ದ ಎತ್ತರದ ಕೆತ್ತನೆಯ ಫಲಕಗಳು ಬಿದ್ದು ಒಡೆದಿದ್ದರೂ ಕೆತ್ತನೆ ಮಾತ್ರ ಮೊನ್ನೆ ಮೊನ್ನೆ ಮಾಡಿದ ಹಾಗಿತ್ತು. ಬುದ್ಧನ ಬದುಕಿನ ಘಟನೆಗಳು, ಜಾತಕದ ಕಥೆಗಳು, ದಾನ ಕೊಟ್ಟವರ ಹೆಸರುಗಳು, ಶಾತವಾಹನ ರಾಜರು. ಒಂದು ಫಲಕದಲ್ಲಿ ಶಾತಕರ್ಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸ್ತಿದ್ದಾನೆ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಬಿಟ್ಟುಕೊಡ್ತಿದ್ದಾನೆ. ಯಾರು ಏನು ಮಾಡ್ತಿದ್ದಾರೆ ಅಂತ ಕೆಳಗೆ ಬರೆದೇ ಇಟ್ಟಿದ್ದಾರೆ, ನಾವು ಫೋಟೋ ಕೆಳಗೆ ಬರೆಯೋ ಹಾಗೆ.

ಇವೆಲ್ಲಕ್ಕಿಂತ ಹೆಸರಾದದ್ದು ಇನ್ನೊಂದು ಫಲಕ. ರಾಜ, ರಾಣಿ, ಪಕ್ಕದಲ್ಲಿ ಪರಿಚಾರಕಿಯರು. ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ'. ಅಶೋಕ ಸತ್ತು ಬಹಳ ಕಾಲ ಆದ ಮೇಲೆ ಕೆತ್ತಿದ್ದು, ಹಾಗಾಗಿ ಮುಖ ಅವನದೇ ಅಂತ ಹೇಳೋಕಾಗಲ್ಲ. ಆದರೆ ಹೆಸರು ಬರೆದು ಅಶೋಕನನ್ನು ತೋರಿಸಿದ ಕೆತ್ತನೆ ಇರೋದು ನಮ್ಮ ಜಿಲ್ಲೆಯಲ್ಲಿ.

ಕಲ್ಲು ಯಾವುದು ಅಂತ ಕಾಕಾ ಕೇಳಿದರೆ ಉತ್ತರ ಸುಲಭ. ನಮ್ಮ ಪಡಸಾಲೆಯಲ್ಲಿ ಹಾಸಿರೋದೇ. ಇಲ್ಲೇ ಸಿಗೋ ಬೂದು ಬಣ್ಣದ ಸುಣ್ಣಕಲ್ಲು.

ಅಗೆದು ತೆಗೆದ ಮೇಲೆ ಈ ಫಲಕಗಳು ಎಷ್ಟೋ ವರ್ಷ ಶೆಡ್ಡಿನ ಕೆಳಗೆ ನೆಲದ ಮೇಲೇ ಸಾಲಾಗಿ ಮಲಗಿದ್ದವು. ನಾನು ಹೋದಾಗ ಜೋಡಿಸಿಟ್ಟ ಫರಸಿಗಳ ನಡುವೆ ದಾರಿ ಮಾಡಿಕೊಂಡು ನಡೆದ ಹಾಗೇ ಅನ್ನಿಸಿತ್ತು. ಈಚಿನ ವರ್ಷಗಳಲ್ಲಿ ಇಲಾಖೆ ಸ್ತೂಪವನ್ನು ಮರುಜೋಡಿಸೋ ಕೆಲಸ ಹಿಡಿದಿದೆ. ತಡವಾಯ್ತು, ಆದರೂ ಸಂತೋಷ. ಹೋಗೋದು ಕಷ್ಟವೇನಲ್ಲ. ರೈಲಿನಲ್ಲಾದ್ರೆ ವಾಡಿ ದಾಟಿ ನಾಲವಾರದಲ್ಲಿ ಇಳಿದು ಗಾಡಿ ಮಾಡಿಕೊಳ್ಳಬಹುದು. ಬೇಸಿಗೆ ಮಾತ್ರ ಬೇಡ, ಮೇ ತಿಂಗಳಲ್ಲಿ ಆ ಕಲ್ಲಿನ ಮೇಲೆ ರೊಟ್ಟಿ ಬೇಯಿಸಬಹುದು.

ದಿನ 1, ಶುಕ್ರವಾರ : ಸಿಟಿ

ಲಂಡನ್ನಿನವರು 'ಸಿಟಿ' ಅಂದರೆ ಇಡೀ ಊರಲ್ಲ, ಹಳೇ ಊರಿನ ಒಂದು ಚದರ ಮೈಲಿಯಷ್ಟು ಜಾಗ. ಈಗ ಪೂರ್ತಿ ಬ್ಯಾಂಕು, ಇನ್ಶೂರೆನ್ಸು. 1666ರ ಸೆಪ್ಟೆಂಬರಿನಲ್ಲಿ ಒಂದು ಬೇಕರಿಯಲ್ಲಿ ಹತ್ತಿದ ಬೆಂಕಿ ನಾಲ್ಕು ದಿನ ಉರಿದು ಈ ಭಾಗವನ್ನು ಬಹುಮಟ್ಟಿಗೆ ಸುಟ್ಟುಹಾಕಿತು. ಅಲ್ಲಿಯವರೆಗೆ ಲಂಡನ್ ಮರದ ಊರು. ಆಮೇಲೆ ಇಟ್ಟಿಗೆ, ಕಲ್ಲಿನ ಊರು.

ಬೆಂಕಿಯ ನೆನಪಿಗೆ ನಿಲ್ಲಿಸಿದ 202 ಅಡಿ ಎತ್ತರದ ಕಂಬಕ್ಕೆ ಹೆಸರೇ ಮಾನ್ಯುಮೆಂಟ್. 311 ಮೆಟ್ಟಿಲು. ಬೆಳಿಗ್ಗೆಯೇ ಹತ್ತಿ ಇಳಿದು, ಅಲ್ಲಿಂದ ನಡ್ಕೊಂಡೇ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಹೋಗಬಹುದು. ಕ್ರಿಸ್ಟೋಫರ್ ರೆನ್ ಅದನ್ನು ಕಟ್ಟೋಕೆ ತಗೊಂಡದ್ದು 1675ರಿಂದ 1710ರ ತನಕ, ಮೂವತ್ತೈದು ವರ್ಷ. ಎರಡಕ್ಕೂ ಬಳಸಿದ್ದು ಒಂದೇ ಕಲ್ಲು, ಪೋರ್ಟ್‌ಲ್ಯಾಂಡ್ ಕಲ್ಲು. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್‌ನಲ್ಲಿ ಪೋರ್ಟ್‌ಲ್ಯಾಂಡ್ ಅಂತ ಸಮುದ್ರಕ್ಕೆ ಚಾಚಿದ ನೆಲ ಇದೆ. ಅಲ್ಲಿನ ಖಣಿಯಿಂದ ಹಡಗಿನಲ್ಲಿ ಥೇಮ್ಸ್ ನದಿಗೆ ತಂದು ಇಳಿಸ್ತಿದ್ದರು. ಬಿಳಿ ಸುಣ್ಣಕಲ್ಲು. ಹತ್ತಿರ ಹೋಗಿ ನೋಡಿದರೆ ಗೋಡೆಯಲ್ಲೇ ಚಿಪ್ಪಿನ ತುಣುಕು ಕಾಣುತ್ತಂತೆ. ಸುಮಾರು 14.5 ಕೋಟಿ ವರ್ಷದ ಹಿಂದಿನ ಸಮುದ್ರದ ಚಿಪ್ಪು. ಶಾಬಾದಿ ಕಲ್ಲಿನಲ್ಲಿ ಇಂಥ ಚಿಪ್ಪು ಹುಡುಕಿದರೂ ಸಿಗಲ್ಲ. ಅದು ಚಿಪ್ಪಿನ ಪ್ರಾಣಿಗಳು ಹುಟ್ಟೋಕೂ ಮುಂಚಿನ ಸಮುದ್ರದ ತಳ. ವಯಸ್ಸಿನಲ್ಲಿ ನಮ್ಮದೇ ಹಿರಿದು ಅಂತ ಕಾಕಾಗೆ ಹೇಳಬಹುದು.

ಸೇಂಟ್ ಪಾಲ್ಸ್ ಕಟ್ಟೋಕೆ ದುಡ್ಡು ಬಂದದ್ದು ಬಹುಪಾಲು ಊರೊಳಗೆ ಬರೋ ಕಲ್ಲಿದ್ದಲಿನ ಮೇಲಿನ ತೆರಿಗೆಯಿಂದ. ಆಮೇಲೆ ಅದೇ ಕಲ್ಲಿದ್ದಲಿನ ಹೊಗೆ ಬಿಳಿ ಗೋಡೆಯನ್ನು ಕಪ್ಪು ಮಾಡಿತು. ವಾಡಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೋರ್ಟ್‌ಲ್ಯಾಂಡ್ ಅನ್ನೋ ಹೆಸರನ್ನು ನೀವೂ ಓದಿರ್ತೀರಿ, ಸಿಮೆಂಟ್ ಚೀಲದ ಮೇಲೆ! ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್ ಅನ್ನೋ ಗೌಂಡಿ ಸುಣ್ಣಕಲ್ಲು, ಜೇಡಿ ಸೇರಿಸಿ ಸುಟ್ಟು ಒಂದು ಪುಡಿ ಮಾಡಿದ. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡ್ ಕಲ್ಲಿನ ಹಾಗೆ ಕಾಣುತ್ತೆ ಅಂತ 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಹೆಸರಿನಲ್ಲಿ ಪೇಟೆಂಟ್ ಪಡೆದ. ತಾರೀಖು 21 ಅಕ್ಟೋಬರ್ 1824. ಈ ತಾರೀಖನ್ನು ನೆನಪಿಟ್ಟುಕೊಳ್ಳಿ, ನಾಳೆ ಬೇಕಾಗುತ್ತೆ. ಈಗಿನ ಸಿಮೆಂಟನ್ನು ಅವನಿಗಿಂತ ಬಹಳ ಹೆಚ್ಚಿನ ಉರಿಯಲ್ಲಿ, ಸುಮಾರು 1,450 ಡಿಗ್ರಿಯಲ್ಲಿ ಸುಡ್ತಾರೆ. ಹೆಸರು ಮಾತ್ರ ಅದೇ ಉಳಿದಿದೆ. ಸೇಡಂನಲ್ಲಿ ತುಂಬಿದ ಚೀಲದ ಮೇಲೂ ಡಾರ್ಸೆಟ್‌ನ ಊರಿನ ಹೆಸರು!

ಮಧ್ಯಾಹ್ನ ಬ್ಯಾಂಕ್ ಸ್ಟೇಷನ್ ಸುತ್ತ ಒಂದು ಸುತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್, ಪಕ್ಕದ ಗಲ್ಲಿಗಳು. ಫೋಟೋಗಿಂತ ಅಲ್ಲಿ ನಿಂತು ವಾಡಿ ಜಂಕ್ಷನ್ ನೆನಪಿಸಿಕೊಳ್ಳೋದು ನನ್ನ ಉದ್ದೇಶ. ಮುಂಬೈಯಿಂದ ಬಂದ ರೈಲು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿ ಸೇರಿತು. ಆ ಹಳಿ ನಿಜಾಮರ ರಾಜ್ಯದೊಳಗೆ ಹಾದುಹೋದರೂ ಹೈದರಾಬಾದಿಗೆ ಹೋಗ್ತಿರಲಿಲ್ಲ. ಅದಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ಬೇರೆ ಹಳಿ ಹಾಕಿದರು, 1874ರಲ್ಲಿ ಓಡಾಟ ಶುರುವಾಯ್ತು. 1883ರ ಹೊತ್ತಿಗೆ ಈ ರೈಲನ್ನು ಲಂಡನ್ನಿನ ಬಂಡವಾಳದಾರರ ಕಂಪನಿಗೆ ಒಪ್ಪಿಸಿ ವಿಸ್ತರಿಸೋ ಒಪ್ಪಂದ ಆಯಿತು. ಕಂಪನಿ ಹಾಕಿದ ಬಂಡವಾಳಕ್ಕೆ ಇಪ್ಪತ್ತು ವರ್ಷ ನೂರಕ್ಕೆ ಐದರಂತೆ ಬಡ್ಡಿ, ಲಾಭ ಬರಲಿ ಬಿಡಲಿ, ನಿಜಾಮರ ಖಜಾನೆ ಗ್ಯಾರಂಟಿ. ಹೆಸರಲ್ಲೇ ಇದೆಯಲ್ಲ, ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ! ಒಪ್ಪಂದದ ವಿವರ ಜನರ ಮುಂದಿಡಿ ಅಂತ ಹೈದರಾಬಾದಿನ ಕೆಲವರು ಕೇಳಿದರು. ಅವರಲ್ಲಿ ಒಬ್ಬರಾದ ಅಘೋರನಾಥ ಚಟ್ಟೋಪಾಧ್ಯಾಯರನ್ನು ರಾಜ್ಯದಿಂದಲೇ ಗಡಿಪಾರು ಮಾಡಿದರು. ಸರೋಜಿನಿ ನಾಯ್ಡು ಅವರ ತಂದೆ ಇವರು. 1930ರಲ್ಲಿ ನಿಜಾಮರ ಸರ್ಕಾರ ರೈಲನ್ನು ವಾಪಸ್ ಕೊಂಡುಕೊಂಡಿತು.

ರೈಲು ಬಂದದ್ದಕ್ಕೆ ಕಾಗಿಣಾ ದಂಡೆಯ ಫರಸಿ ದೂರದೂರುಗಳಿಗೆ ಹೋಗೋ ಹಾಗಾಯ್ತು. ಎಲ್ಲೆಲ್ಲೋ ತೆಗೆದ ಕಲ್ಲಿಗೆ ಶಹಾಬಾದ್ ಹೆಸರೇ ಅಂಟಿತು. ಆಮೇಲೆ ಸಿಮೆಂಟೂ ಬಂತು. 1936ರಲ್ಲಿ ಹಲವು ಕಂಪನಿ ಒಂದಾಗಿ ಎಸಿಸಿ ಆಯಿತಲ್ಲ, ಅದರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ವಾಡಿಯ ಕಾರ್ಖಾನೆ ಶುರುವಾದದ್ದು 1968ರಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಓದಿದ್ದು ಈ ಕಲ್ಲಿನ ದುಡ್ಡಲ್ಲೇ.

ದಿನ 2, ಶನಿವಾರ : ಬ್ರಿಟಿಷ್ ಮ್ಯೂಸಿಯಂ

ಇಡೀ ದಿನ ಇದಕ್ಕೇ. ಪ್ರವೇಶ ಉಚಿತ. ಹಾಲ್ಬರ್ನ್ ಸ್ಟೇಷನ್ನಿನಿಂದ ನಡೆಯೋ ದೂರ. ಇಲ್ಲೂ ಎಲ್ಲವನ್ನೂ ನೋಡ್ತೀನಿ ಅಂತ ಹೊರಟರೆ ಸಂಜೆಗೆ ಕಾಲು ನೋವು ಮಾತ್ರ ಉಳಿಯುತ್ತೆ. ನನ್ನ ಗುರಿ 33ಎ ಕೊಠಡಿ, ಅಮರಾವತಿ ಶಿಲ್ಪಗಳು. (ಕೊಠಡಿಗಳನ್ನು ರಿಪೇರಿಗೆ ಅಂತ ಆಗಾಗ ಮುಚ್ತಾರೆ, ಹೋಗೋ ಮುನ್ನ ವೆಬ್‌ಸೈಟ್ ನೋಡ್ಕೊಳ್ಳಿ.)

ಅಮರಾವತಿ ಇರೋದು ಆಂಧ್ರದಲ್ಲಿ, ಕೃಷ್ಣಾ ನದಿ ದಂಡೆ. ನಮ್ಮ ಭೀಮೆ ಹೋಗಿ ಸೇರೋದೂ ಕೃಷ್ಣೆಯನ್ನೇ. ಅಲ್ಲಿನ ಮಹಾಸ್ತೂಪವೂ ಕನಗನಹಳ್ಳಿಯದೂ ಶಾತವಾಹನರ ಕಾಲದಲ್ಲಿ ಬೆಳೆದವು. ಎರಡಕ್ಕೂ ಸುಣ್ಣಕಲ್ಲೇ ಮೈ. ಕೆತ್ತಿದ ಕೈಗಳು ಬೇರೆ, ಕಥೆಗಳು ಅವೇ. ಅಕ್ಕ ತಂಗಿ ಅನ್ನಬಹುದು. ಒಬ್ಬಳು ಭೂಮಿಯೊಳಗೆ ಅಡಗಿ ಉಳಿದಳು. ಇನ್ನೊಬ್ಬಳ ಕಥೆ ಸ್ವಲ್ಪ ದುಃಖದ್ದು.

1797ರಲ್ಲಿ ಕಾಲಿನ್ ಮೆಕೆಂಜಿ ಅನ್ನೋ ಸರ್ವೇಯರ್ ಅಲ್ಲಿಗೆ ಬಂದಾಗ ಅಲ್ಲಿನ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ತನ್ನ ಹೊಸ ಊರು ಕಟ್ಟಿಸೋಕೆ ದಿಬ್ಬದ ಕಲ್ಲು ತೆಗೆಸ್ತಿದ್ದ. 1816ರಲ್ಲಿ ಮೆಕೆಂಜಿ ಮತ್ತೆ ಬರುವಷ್ಟರಲ್ಲಿ ದಿಬ್ಬದ ನಡುವೆ ಕೆರೆ ತೋಡಿ ಆಗಿತ್ತು. ಕೆತ್ತನೆಯ ಫಲಕಗಳಲ್ಲಿ ಕೆಲವು ಮೆಟ್ಟಿಲಾದವು, ಕೆಲವು ಗೋಡೆಯಾದವು, ಇನ್ನೆಷ್ಟೋ ಸುಣ್ಣದ ಭಟ್ಟಿಗೆ ಹೋದವು. ಹೌದು, ಸುಟ್ಟು ಸುಣ್ಣ ಮಾಡಿದರು. ಹೈಸ್ಕೂಲಿನ ಕೆಮಿಸ್ಟ್ರಿ ನೆನಪಿದ್ರೆ ಲೆಕ್ಕ ಹಾಕಿ, ನೂರು ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ ಐವತ್ತಾರು ಕೆಜಿ ಸುಣ್ಣ, ಉಳಿದದ್ದು ಗಾಳಿಗೆ. ಅದರ ಮೇಲೆ ಬುದ್ಧನ ಕಥೆ ಕೆತ್ತಿದ್ದರೂ ಅಷ್ಟೇ, ಕೆತ್ತದಿದ್ದರೂ ಅಷ್ಟೇ. ಗ್ರಾನೈಟಿಗೆ ಈ ಭಯ ಇಲ್ಲ. ಸುಣ್ಣಕಲ್ಲಿನ ಶಿಲ್ಪಕ್ಕೆ ಮಾತ್ರ ಭಟ್ಟಿ ಯಾವತ್ತೂ ಪಕ್ಕದ ಮನೆ.

1845ರಲ್ಲಿ ಅಲ್ಲಿ ಅಗೆಸಿ ಉಳಿದ ಫಲಕಗಳನ್ನು ಮದ್ರಾಸಿಗೆ ಸಾಗಿಸಿದವನು ವಾಲ್ಟರ್ ಎಲಿಯಟ್. ಹೆಸರು ಕೇಳಿದ ಹಾಗಿದೆಯಾ? ಕಿತ್ತೂರಿನ ಕಥೆ ಓದಿದವರಿಗೆ ಇರಬೇಕು. 23 ಅಕ್ಟೋಬರ್ 1824ರಂದು ಕಿತ್ತೂರಿನ ಕೋಟೆ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತನಲ್ಲ, ಅವತ್ತು ರಾಣಿ ಚೆನ್ನಮ್ಮನಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸ್ಟೀವನ್‌ಸನ್ ಮತ್ತು ಇದೇ ಎಲಿಯಟ್. ಆಸ್ಪ್‌ಡಿನ್‌ಗೆ ಸಿಮೆಂಟಿನ ಪೇಟೆಂಟ್ ಸಿಕ್ಕಿ ಎರಡೇ ದಿನ ಆಗಿತ್ತು! ಒಂದಕ್ಕೊಂದು ಸಂಬಂಧ ಇಲ್ಲ, ನಿಜ. ಆದರೂ ಎರಡೂ ತಾರೀಖು ಪಕ್ಕಪಕ್ಕ ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಚೆನ್ನಮ್ಮ ಇಬ್ಬರನ್ನೂ ಕೊಲ್ಲಲಿಲ್ಲ, ಬಿಟ್ಟು ಕಳಿಸಿದಳು. ಬದುಕಿ ಉಳಿದ ಎಲಿಯಟ್ ಧಾರವಾಡದ ಸೀಮೆಯಲ್ಲಿ ಕೆಲಸ ಮಾಡ್ತಾ ಕನ್ನಡ ನಾಡಿನ 500ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಅವುಗಳ ಆಧಾರದ ಮೇಲೆ ಚಾಲುಕ್ಯರ ಚರಿತ್ರೆಯನ್ನು ಜೋಡಿಸಿ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ನಮ್ಮ ಇತಿಹಾಸದ ಓದು ಶುರುವಾದ ಜಾಗಗಳಲ್ಲಿ ಅದೂ ಒಂದು. ರಾಣಿ ಅವತ್ತು ಬೇರೆ ಆಜ್ಞೆ ಮಾಡಿದ್ದರೆ?

ಮದ್ರಾಸಿನಲ್ಲಿ ಅವನ ಕಲ್ಲುಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು. 1859ರಲ್ಲಿ ನೂರಕ್ಕೂ ಹೆಚ್ಚು ತುಂಡುಗಳು ಹಡಗೇರಿ ಲಂಡನ್ನಿಗೆ ಹೋದವು. ಅಲ್ಲೇನು ರತ್ನಗಂಬಳಿ ಹಾಸಿ ಕಾಯ್ತಿದ್ದರಾ? ಇಲ್ಲ. 1867ರಲ್ಲಿ ಜೇಮ್ಸ್ ಫರ್ಗುಸನ್ ಅನ್ನೋ ಕಟ್ಟಡ ಇತಿಹಾಸಕಾರ ಅವನ್ನು ಹುಡುಕಿ ತೆಗೆದದ್ದು ಫೈಫ್ ಹೌಸ್ ಅನ್ನೋ ಬಂಗಲೆಯ ಸಾರೋಟು ನಿಲ್ಲಿಸೋ ಕೊಟ್ಟಿಗೆಯಲ್ಲಿ. 1880ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಇದನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದ್ರೆ, ಈ ವಿಷಯದಲ್ಲಿ ಎರಡು ಸಿದ್ಧ ವಾದ ಇವೆ. 'ಬ್ರಿಟಿಷರು ಒಯ್ದದ್ದಕ್ಕೇ ಉಳಿಯಿತು' ಅನ್ನೋದು ಒಂದು. 'ಬ್ರಿಟಿಷರು ಲೂಟಿ ಮಾಡಿದರು, ಇಲ್ಲೇ ಇದ್ದರೆ ಪೂಜೆ ಮಾಡ್ತಿದ್ವಿ' ಅನ್ನೋದು ಇನ್ನೊಂದು. ಆಳುವವರು ಕೇಳದೇ ಹೊತ್ತೊಯ್ದರು ಅನ್ನೋದು ನಿಜ, ಅದಕ್ಕೆ ಸಮರ್ಥನೆ ಬೇಕಿಲ್ಲ. ಆದರೆ ಸುಣ್ಣ ಸುಟ್ಟವರು ನಮ್ಮವರು, ಬಿಸಿಲಿಗೆ ಬಿಟ್ಟವರು ಮದ್ರಾಸಿನ ಇಂಗ್ಲಿಷರು, ಕೊಟ್ಟಿಗೆಯಲ್ಲಿ ಮರೆತವರು ಲಂಡನ್ನಿನವರು. ಕಲ್ಲು ಉಳಿದದ್ದು ಯಾವ ದೇಶದ ಒಳ್ಳೆಯತನದಿಂದಲೂ ಅಲ್ಲ. ಪ್ರತಿ ಸಲ ಯಾರೋ ಒಬ್ಬರು ನಿಂತು, ಇದೇನು ಅಂತ ಬಗ್ಗಿ ನೋಡಿ, ಬರೆದಿಟ್ಟಿದ್ದರಿಂದ.

ಆ ಕೊಠಡಿಯಲ್ಲಿ ಒಂದು ಫಲಕವನ್ನು ತಪ್ಪದೇ ನೋಡಬೇಕು ಅಂತ ಗುರುತು ಹಾಕ್ಕೊಂಡಿದ್ದೀನಿ. ಒಂದು ಮುಖದಲ್ಲಿ ಬೋಧಿವೃಕ್ಷದ ಪೂಜೆ, ಕೆಳಗೆ ಖಾಲಿ ಆಸನ. ಅದು ಹಳೆಯ ಕೆತ್ತನೆ. ಕೆಲವು ಶತಮಾನದ ನಂತರ ಅದೇ ಕಲ್ಲನ್ನು ತಿರುಗಿಸಿ ಇನ್ನೊಂದು ಮುಖದಲ್ಲಿ ಸ್ತೂಪದ ಚಿತ್ರ ಕೆತ್ತಿದ್ದಾರೆ. ಅಮರಾವತಿಯ ಸ್ತೂಪ ಹೇಗಿತ್ತು ಅಂತ ಊಹಿಸೋಕೆ ಅಂಥ ಕೆತ್ತನೆಗಳೇ ದಾರಿ. ಸನ್ನತಿಯ ಪೀಠದ ಕಲ್ಲು ನೋಡಿದವರಿಗೆ ಇದು ಹೊಸದಲ್ಲ. ಒಳ್ಳೆಯ ಕಲ್ಲನ್ನು ನಮ್ಮ ಹಿರಿಯರು ಯಾವತ್ತೂ ದಂಡ ಮಾಡಿಲ್ಲ :)

ದಿನ 3, ಭಾನುವಾರ : ನದಿ ದಂಡೆ

ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಲ್ಲಿ ಇಳಿದು, ಬಿಗ್ ಬೆನ್ ಫೋಟೋ ಒಂದು ತೆಗೆದು (ಅಷ್ಟಾದರೂ ಬೇಡವೇ), ಸೇತುವೆ ದಾಟಿ ಬಲಕ್ಕೆ ತಿರುಗಿ ನದಿ ಪಕ್ಕದ ದಾರಿ ಹಿಡಿಯೋದು. ನಿಧಾನ ನಡೆದರೆ ಎಡಕ್ಕೆ ಆಸ್ಪತ್ರೆ, ಬಲಕ್ಕೆ ನೀರಿನಾಚೆ ಪಾರ್ಲಿಮೆಂಟು.

ಪಾರ್ಲಿಮೆಂಟಿನ ಕಲ್ಲಿನ ಕಥೆ ಸ್ವಾರಸ್ಯ ಇದೆ. 1834ರಲ್ಲಿ ಹಳೇ ಕಟ್ಟಡ ಸುಟ್ಟುಹೋದಾಗ ಹೊಸದಕ್ಕೆ ಯಾವ ಕಲ್ಲು ಅಂತ ಆರಿಸೋಕೆ ಭೂವಿಜ್ಞಾನಿಗಳನ್ನೂ ಸೇರಿಸಿ ಒಂದು ಸಮಿತಿ ಮಾಡಿದರು. ದೇಶವೆಲ್ಲ ಸುತ್ತಿ ಕೊನೆಗೆ ಬಳಸಿದ್ದು ಯಾರ್ಕ್‌ಷೈರಿನ ಆ್ಯನ್‌ಸ್ಟನ್ ಖಣಿಯ ಸುಣ್ಣಕಲ್ಲು. ಕಟ್ಟಡ ಮುಗಿಯೋ ಮೊದಲೇ ಕಲ್ಲು ಕಳಚೋಕೆ ಶುರುವಾಯ್ತು. ಕಲ್ಲಿದ್ದಲಿನ ಹೊಗೆಯ ಆಮ್ಲಕ್ಕೆ ಸುಣ್ಣಕಲ್ಲು ಕರಗುತ್ತೆ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಭಾಗಕ್ಕೆ ಬೇರೆ ಖಣಿಯ ಕಲ್ಲು ಹಾಕಬೇಕಾಯಿತು. ಸಮಿತಿ ಮಾಡಿದರೂ ಕಲ್ಲು ಒಪ್ಪಬೇಕಲ್ಲ!

ನಾವು ನಡೆಯೋ ದಾರಿಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅಂತ ಹೆಸರು. ಇದರ ಹಿಂದೆ ಒಂದು ದುರ್ನಾತದ ಕಥೆ ಇದೆ. ಆಗ ಇಡೀ ಊರಿನ ಕೊಳಚೆ ಥೇಮ್ಸ್‌ಗೆ ಬೀಳ್ತಿತ್ತು. 1858ರ ಬೇಸಿಗೆಯಲ್ಲಿ ನಾತ ಎಷ್ಟಾಯ್ತು ಅಂದ್ರೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದಿಂದ ಮಾಡಿದ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ನೇತುಹಾಕಿದರು. ಸದಸ್ಯರ ಮೂಗಿಗೇ ಬಂದ ಮೇಲೆ ಕಾಯಿದೆ ಬೇಗ ಪಾಸಾಯಿತು. ಜೋಸೆಫ್ ಬಜಲ್‌ಗೆಟ್ ಅನ್ನೋ ಇಂಜಿನಿಯರ್ ಊರಿನ ಕೆಳಗೆ ದೊಡ್ಡ ಕೊಳವೆಗಳ ಜಾಲ ಕಟ್ಟಿದ. ಅದರ ಜೊತೆಗೇ ನದಿಯ ಎರಡೂ ಬದಿಗೆ ಗೋಡೆ ಎಬ್ಬಿಸಿದ. ಲ್ಯಾಂಬೆತ್ ಬದಿಯ ಈ ಗೋಡೆ ಕಟ್ಟಿದ್ದು 1866ರಿಂದ 1869ರ ತನಕ. ನೀರಿನಲ್ಲೂ ಗಟ್ಟಿಯಾಗೋ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಅಷ್ಟು ದೊಡ್ಡ ಸಾರ್ವಜನಿಕ ಕೆಲಸಕ್ಕೆ ನಂಬಿ ಬಳಸಿದ್ದು ಈ ಕೊಳಚೆ ಯೋಜನೆಯಲ್ಲೇ. ಬಂದ ಸಿಮೆಂಟನ್ನು ಪರೀಕ್ಷೆ ಮಾಡದೇ ಕೆಲಸಕ್ಕೆ ಹಾಕಕೂಡದು ಅಂತ ಅವನ ಸಹಾಯಕ ಜಾನ್ ಗ್ರಾಂಟ್ ಕಟ್ಟುನಿಟ್ಟು ಮಾಡಿದ. ಟೆಸ್ಟಿಂಗ್ ಮಾಡೋ ಗೆಳೆಯರು ಇವನ ಹೆಸರು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಗೆದ್ದದ್ದಕ್ಕೇ ಆ ಸಿಮೆಂಟು ಜಗತ್ತಿನ ಸಿಮೆಂಟಾಯಿತು, ಕೊನೆಗೆ ಶಹಾಬಾದಿಗೂ ವಾಡಿಗೂ ಬಂತು.

ಇದೇ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ಪಾರ್ಲಿಮೆಂಟಿನ ಕಡೆಗೆ ನೋಡ್ತಾ ಬಸವಣ್ಣ ಇದ್ದಾರೆ! 14 ನವೆಂಬರ್ 2015ರಂದು ಪ್ರಧಾನಿ ನರೇಂದ್ರ ಮೋದಿ ಈ ಪ್ರತಿಮೆ ಅನಾವರಣ ಮಾಡಿದರು. ಅದಕ್ಕಾಗಿ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್, ನಮ್ಮ ಕಲಬುರಗಿ ಜಿಲ್ಲೆಯವರೇ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಇದ್ದ ಕಲ್ಯಾಣ ನಮ್ಮ ಪಕ್ಕದ ಬೀದರ ಜಿಲ್ಲೆಯಲ್ಲಿದೆ. ಜಾತಿ, ಹೆಣ್ಣು ಗಂಡು ಅನ್ನದೇ ಎಲ್ಲರೂ ಕೂತು ಮಾತಾಡೋ ಅನುಭವ ಮಂಟಪ ಅಲ್ಲಿತ್ತು ಅನ್ನೋ ಕಾರಣಕ್ಕೇ ಪಾರ್ಲಿಮೆಂಟಿನ ಎದುರು ಈ ಜಾಗ.

ಕಟ್ಟಿ ನಿಲ್ಲಿಸಿದ್ದು ಉಳಿಯಲ್ಲ, ನಡೆ ಮಾತ್ರ ಉಳಿಯುತ್ತೆ ಅಂತ ಹೇಳಿದವರನ್ನೇ ನಾವು ಪ್ರತಿಮೆ ಮಾಡಿ ನಿಲ್ಲಿಸಿದ್ದೀವಿ, ಅದು ಬೇರೆ ಮಾತು. ಆದರೆ ಅವರ ಎದುರಿಗೆ ಕರಗಿ ಕಳಚಿ ಮತ್ತೆ ಹಾಕಿಸಿಕೊಂಡ ಪಾರ್ಲಿಮೆಂಟಿನ ಸುಣ್ಣಕಲ್ಲು, ಕಾಲ ಕೆಳಗೆ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಗೋಡೆ. ಅವರು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಜಾಗ ಸಿಗ್ತಿರಲಿಲ್ಲ ಅನ್ನಿಸುತ್ತೆ.

ಬಿಟ್ಟದ್ದು

ಟಿಪ್ಪುವಿನ ಹುಲಿ (ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಸೌತ್ ಕೆನ್ಸಿಂಗ್ಟನ್) ನೋಡೋ ಆಸೆ ಇದೆ. ಆದರೆ ಅದು ಮರದ್ದು, ನನ್ನ ದಾರಕ್ಕೆ ಸೇರಲ್ಲ. ಭಾನುವಾರ ಸಂಜೆ ಸಮಯ ಉಳಿದರೆ ನೋಡೋಣ.

ಸ್ಟೋನ್‌ಹೆಂಜ್ ಕಲ್ಲಿನದೇ, ಆದರೂ ಬಿಟ್ಟೆ. ಹೋಗಿ ಬರೋಕೇ ಒಂದು ದಿನ ಬೇಕು. ಇನ್ನೊಂದು ಕಾರಣ, ಸುರಪುರದಲ್ಲಿದ್ದ ಮೆಡೋಸ್ ಟೇಲರ್. ಈತ ಜೇವರ್ಗಿಯ ಶಿಲಾಸಮಾಧಿಗಳನ್ನು ಅಗೆಸಿ, ರಾಜನಕೋಳೂರಿನ ಕಲ್ಮನೆಗಳನ್ನು ನೋಡಿ, ಇವು ಇಂಗ್ಲೆಂಡಿನ ಹಳೇ ಕಲ್ಗೋರಿಗಳನ್ನು ಎಷ್ಟು ಹೋಲುತ್ತವೆ ಅಂತ 1850ರ ದಶಕದಲ್ಲೇ ಬರೆದ. ಎರಡಕ್ಕೂ ಒಂದೇ ಮೂಲದ ಜನ ಅಂತ ಅವನು ಊಹಿಸಿದ್ದನ್ನು ಈಗ ಯಾರೂ ಒಪ್ಪಲ್ಲ. ಆದರೆ ಆ ಕಲ್ಲುಗಳನ್ನು ಅಷ್ಟು ಗಮನ ಕೊಟ್ಟು ನೋಡಿದ್ದು ದೊಡ್ಡದು. ಸ್ಟೋನ್‌ಹೆಂಜ್ ಹೇಗೂ ಕಾವಲಿನಲ್ಲಿ ಭದ್ರ ಇದೆ, ಮುಂದಿನ ಸಲವೂ ಅಲ್ಲೇ ಇರುತ್ತೆ. ರಾಜನಕೋಳೂರನ್ನು ಮೊದಲು ನೋಡಬೇಕು.

ಇಷ್ಟೇ ಪ್ಲಾನು. ನಲವತ್ತು ಸಾಲಿನ ಶೀಟಿನಲ್ಲಿ ನಾನು ಉಳಿಸಿಕೊಂಡಿರೋದು ಐದೋ ಆರೋ. ಆದರೆ ಎಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು ಸೇರಿಸಿದ್ದೀನಿ: ಕನಗನಹಳ್ಳಿ, ಚಿತ್ತಾಪುರ ಸೀಮೆ, ವೀಸಾ ಬೇಡ. ಟೀಮಿನವರು ಅದೆಲ್ಲಿದೆ ಅಂತ ಕೇಳ್ತಿದ್ದಾರೆ. ಹೀಗೆ ನಾಲ್ಕು ಜನ ಕೇಳಿ, ನಾಲ್ಕು ಜನ ಹೋಗಿ ಬಗ್ಗಿ ನೋಡಿದರೆ ಸಾಕು. ನಮ್ಮ ಕಾಲ ಕೆಳಗಿನ ಫರಸಿಯಲ್ಲಿ ಯಾವುದು ಹಾಸಿನ ಕಲ್ಲು, ಯಾವುದು ಸಿಮೆಂಟಿನ ಕಲ್ಲು, ಯಾವುದು ಅಶೋಕನ ಕಲ್ಲು ಅಂತ ಗುರುತು ಹಿಡಿಯೋರು ಊರಲ್ಲಿ ಇರಬೇಕು. ಭಟ್ಟಿಗೆ ಅದು ಗೊತ್ತಾಗಲ್ಲ.

ನಿಮ್ಮೂರಿನ ದಾರ ಯಾವುದು? ಯೋಚಿಸಿ ನೋಡಿ.